ಪೆಸಾಹ್ ಹಬ್ಬಕ್ಕೆ ಮನೇಲೇ ಚಾಕ್ಲೇಟ್ ಸ್ವೀಟ್, ಹಾಲು ಬೆಣ್ಣೆ ಹಾಕದೆ ಎಂತ ಮಾಡ್ಬಹುದು?

ಪುತ್ತೂರ್_ಟು_ರಾಮತ್‌ಗಾನ್:

ಎಲ್ರಿಗೂ ನಮಸ್ಕಾರ. ನಾನು ಇಸ್ರೇಲಿನ ರಾಮತ್ ಗಾನಲ್ಲಿ ಕೇರ್‌ಗಿವರ್ ಕೆಲ್ಸದಲ್ಲಿ ಇರೋದು, ಊರು ಪುತ್ತೂರು ಹತ್ರ. ನಾನು ನೋಡಿಕೊಳ್ಳುವ ಸವ್ತಾ (ಇಲ್ಲಿ ಅಜ್ಜಿಗೆ ಹಾಗೇ ಹೇಳೋದು) ಪೋಲೆಂಡಲ್ಲಿ ಹುಟ್ಟಿದವರು, ಕೋಶರ್ (ಯಹೂದಿಗಳ ಊಟದ ನಿಯಮ) ಎಲ್ಲ ಗಟ್ಟಿಯಾಗಿ ಪಾಲಿಸ್ತಾರೆ. ಮುಂದಿನ ತಿಂಗಳು ಪೆಸಾಹ್, ಅದೇ ನಮ್ಮ ಕನ್ನಡ ಬೈಬಲಲ್ಲಿ ಪಸ್ಕ ಹಬ್ಬ ಅಂತ ಬರ್ತದಲ್ಲ ಅದು, ಮೊದಲ ರಾತ್ರಿಯ ಸೇದರ್ ಊಟಕ್ಕೆ ಮಕ್ಕಳು ಮೊಮ್ಮಕ್ಕಳು ಸೊಸೆ ಎಲ್ಲ ಸೇರಿ ಸುಮಾರು ಜನ ಇಲ್ಲಿಗೇ ಬರ್ತಾರಂತೆ. ಅಡುಗೆ ಎಲ್ಲ ಮಗಳು ಮಾಡಿ ತರೋದು, ಆದ್ರೆ ಸವ್ತಾ ನನ್ನ ಹತ್ರ "ನೀನು ಚಾಕ್ಲೇಟ್ ಎಂತಾದ್ರೂ ಮಾಡು, ನಿಮ್ಮ ತೋಟದಲ್ಲಿ ಕೋಕೋ ಉಂಟಲ್ಲ, ನಿನಗೆ ಗೊತ್ತಿರ್ತದೆ" ಅಂತ ಹೇಳಿಬಿಟ್ಟಿದ್ದಾರೆ. ತೋಟದಲ್ಲಿ ಅಡಿಕೆ ಮಧ್ಯ ಕೋಕೋ ಉಂಟು ಅದು ಸರಿ, ನಾವು ಕೋಡು ಒಡೆದು ಹಸಿ ಬೀಜ ಕ್ಯಾಂಪ್ಕೋ ಸೊಸೈಟಿಗೆ ಹಾಕೋದು ಅಷ್ಟೇ, ಚಾಕ್ಲೇಟ್ ಮಾಡ್ಲಿಕ್ಕೆ ಯಾರಿಗೆ ಗೊತ್ತು ಮಾರ್ರೆ.

ಈಗ ನನ್ನ ತಲೆಬಿಸಿ ಎಂತ ಅಂದ್ರೆ, ಊಟಕ್ಕೆ ಕೋಳಿ ಸೂಪ್, ಬೀಫ್ ಎಲ್ಲ ಇರ್ತದೆ, ಹಾಗಾಗಿ ಅದರ ಮೇಲೆ ಹಾಲಿಂದು ಎಂತದೂ ಕೊಡ್ಲಿಕ್ಕಿಲ್ಲ. ಮೈದಾ ಹಿಟ್ಟು ಕೇಳ್ಲೇ ಬಾರ್ದು. ಸವ್ತಾನಿಗೆ ಮೇಲಿನ ಹಲ್ಲು ಪೂರ್ತಿ ಸೆಟ್, ಗಟ್ಟಿ ವಸ್ತು ಆಗೋದಿಲ್ಲ, ಸ್ವಲ್ಪ ಶುಗರೂ ಉಂಟು. ಊರಿಂದ ಬರುವಾಗ ತಂದ ಕ್ಯಾಂಪ್ಕೋ ಕೋಕೋ ಪೌಡರ್ ನನ್ನ ಹತ್ರ ಅರ್ಧ ಪ್ಯಾಕೆಟ್ ಉಂಟು, ಅದನ್ನು ಬಳಸ್ಬಹುದಾ? ಮತ್ತೆ ನಾನು ಯಹೂದಿ ಅಲ್ಲ, ನಾನು ಮಾಡಿದ್ದನ್ನು ಅವರು ತಿಂತಾರಾ ಇಲ್ವಾ ಅಂತಲೂ ಒಂದು ಡೌಟು. ಗೊತ್ತಿದ್ದವರು ಸ್ವಲ್ಪ ಹೇಳಿ ಪ್ಲೀಸ್.


ಶಿರ್ವ_ಹೈಫಾ:

ನಮಸ್ಕಾರ ಮಾರಾಯ್ರೆ, ನಮ್ಮ ಕಡೆಯವರು ಒಬ್ರು ಸಿಕ್ಕಿದ್ರಲ್ಲ ಖುಷಿ ಆಯ್ತು. ನಾನು ಹೈಫಾದಲ್ಲಿ ಇದೇ ಕೆಲ್ಸದಲ್ಲಿ ತುಂಬ ವರ್ಷದಿಂದ ಇದ್ದೇನೆ, ಪೆಸಾಹ್ ಕ್ಲೀನಿಂಗಲ್ಲಿ ಸೊಂಟ ಬಿದ್ದು ಹೋಗಿದೆ.

ಮೊದಲು ಕೋಕೋ ಪೌಡರ್ ವಿಷಯ. ಬೇಡ. ಆ ಪೌಡರಲ್ಲಿ ಕೆಟ್ಟದ್ದು ಎಂತದೂ ಇಲ್ಲ, ಆದ್ರೆ ಅದರ ಮೇಲೆ ಪೆಸಾಹ್‌ಗೆ ಆಗ್ತದೆ ಎನ್ನುವ ಸ್ಟ್ಯಾಂಪ್ ಇಲ್ಲ, ಅದಲ್ಲದೆ ನೀವು ಅದನ್ನು ಚಪಾತಿ ಹಿಟ್ಟು ರವೆ ಎಲ್ಲ ಇದ್ದ ಕಪಾಟಲ್ಲಿ ಓಪನ್ ಮಾಡಿ ಇಟ್ಟಿರ್ತೀರಿ. ಗೋಧಿ, ಬಾರ್ಲಿ, ಓಟ್ಸ್, ರೈ, ಸ್ಪೆಲ್ಟ್ ಈ ಐದು ಧಾನ್ಯದ ಹಿಟ್ಟು ನೀರು ತಾಗಿ ಹುಳಿ ಬಂದ್ರೆ ಅದು ಹಮೆಟ್ಸ್. ಹಬ್ಬ ಮುಗಿಯುವ ತನಕ ತಿನ್ನೋದು ಬಿಡಿ, ಮನೆಯಲ್ಲಿ ಇಟ್ಕೊಳ್ಳಲಿಕ್ಕೂ ಇಲ್ಲ. ಅದರ ಒಂದು ಕಣ ಬಿದ್ದ ಪೌಡರನ್ನು ಈ ಅಜ್ಜಿಯಂದಿರು ಬಾಯಿಗೆ ಇಡೋದಿಲ್ಲ. ಅದನ್ನು ನೀವೇ ನಿಮ್ಮ ಹಾಲಿಗೆ ಹಾಕಿ ಹಬ್ಬಕ್ಕೆ ಮೊದ್ಲೇ ಕುಡಿದು ಮುಗಿಸಿ. ಕೋಕೋ, ಡಾರ್ಕ್ ಚಾಕ್ಲೇಟ್, ಮಾರ್ಗರಿನ್ ಎಲ್ಲ ಹೊಸ ಸೀಲ್ಡ್ ಪ್ಯಾಕೆಟ್ ತೆಗೊಳ್ಳಿ, ಈಗ ಸೂಪರ್ ಮಾರ್ಕೆಟಲ್ಲಿ ಪೆಸಾಹ್ ಸಾಮಾನಿನ ಶೆಲ್ಫೇ ಬೇರೆ ಮಾಡಿ ಇಟ್ಟಿರ್ತಾರೆ.

ಆದ್ರೆ ಸ್ಟ್ಯಾಂಪ್ ಇದ್ದ ಮಾತ್ರಕ್ಕೆ ಬುಟ್ಟಿಗೆ ಹಾಕ್ಬೇಡಿ, ಇಲ್ಲೇ ಹೆಚ್ಚಿನವರು ಸಿಕ್ಕಿಬೀಳೋದು. "ಕಾಶೇರ್ ಲೆಪೆಸಾಹ್" (ಪೆಸಾಹ್‌ಗೆ ಆಗ್ತದೆ) ಅಂತ ದೊಡ್ಡದಾಗಿ ಬರೆದು ಕೆಳಗೆ ಸಣ್ಣ ಅಕ್ಷರದಲ್ಲಿ "ಕಿಟ್ನಿಯೋತ್ ತಿನ್ನುವವರಿಗೆ ಮಾತ್ರ" ಅಂತ ಇರ್ತದೆ ಕೆಲವದ್ರಲ್ಲಿ. ಕಿಟ್ನಿಯೋತ್ ಅಂದ್ರೆ ಅಕ್ಕಿ, ಜೋಳ, ಬೇಳೆ ಕಾಳು, ಸೋಯಾ ಇಂಥದ್ದು. ಮೊರಾಕ್ಕೊ, ಇರಾಕ್, ಯೆಮೆನ್ ಕಡೆಯಿಂದ ಬಂದ ಮನೆಗಳಲ್ಲಿ ಇದರಲ್ಲಿ ಸುಮಾರು ತಿಂತಾರೆ, ಅದರಲ್ಲೂ ಒಂದೊಂದು ಮನೆಗೆ ಒಂದೊಂದು ಲೆಕ್ಕ. ನಿಮ್ಮ ಸವ್ತಾ ಪೋಲೆಂಡಿನವರು ಅಂದ್ರೆ ಅಶ್ಕೆನಾಜಿ (ಯುರೋಪ್ ಕಡೆಯ ಯಹೂದಿ), ಅವರು ತಿನ್ನೋದಿಲ್ಲ. ಚಾಕ್ಲೇಟಿಗೆ ಸೋಯಾ ಲೆಸಿಥಿನ್ ಹಾಕ್ತಾರಲ್ಲ, ಅದಕ್ಕೇ ಈ ಸಣ್ಣ ಅಕ್ಷರ. ಐಸಿಂಗ್ ಶುಗರಲ್ಲೂ ಜೋಳದ ಪಿಷ್ಟ ಇರ್ತದೆ, ಪೆಸಾಹ್‌ದ್ದು ಬೇರೆ ಬರ್ತದೆ ಆಲೂಗಡ್ಡೆ ಪಿಷ್ಟ ಹಾಕಿದ್ದು. ಹೀಬ್ರೂ ಓದ್ಲಿಕ್ಕೆ ಬರದಿದ್ರೆ ಪ್ಯಾಕೆಟ್ ಫೋಟೋ ತೆಗೆದು ಮಗಳಿಗೆ ವಾಟ್ಸಾಪ್ ಮಾಡಿ, ನಾಚಿಕೆ ಬೇಡ, ಅವರಿಗೂ ಅದೇ ಬೇಕು. ಚಾಕ್ಲೇಟಲ್ಲಿ "ಪಾರ್ವೆ" ಅಂತ ಇರ್ಬೇಕು, ಹಾಲೂ ಅಲ್ಲ ಮಾಂಸವೂ ಅಲ್ಲ ಅಂತ ಲೆಕ್ಕ. ಕೆಂಪು ದನದ ಚಿತ್ರ ಇರುವ ಚಾಕ್ಲೇಟ್ ಉಂಟಲ್ಲ ಅದು ಹಾಲಿಂದು, ಅದರ ಹತ್ರ ಹೋಗ್ಬೇಡಿ.

ನೀವು ಮಾಡಿದ್ರೆ ತಿಂತಾರಾ ಅಂತ ಕೇಳಿದ್ರಲ್ಲ, ಅವರ ಮನೆಯ ಅಡುಗೆಕೋಣೆಯಲ್ಲಿ, ಅವರ ಪೆಸಾಹ್ ಪಾತ್ರೆಯಲ್ಲಿ, ಅವರ ಸಾಮಾನಲ್ಲಿ ಮಾಡಿದ್ರೆ ತಿಂತಾರೆ. ಬೇರೆ ಧರ್ಮದವರು ಬೇಯಿಸಿದ್ದಕ್ಕೆ ಅವರಲ್ಲಿ ಒಂದು ನಿಯಮ ಉಂಟು, ಅಶ್ಕೆನಾಜಿಗಳಲ್ಲಿ ಮನೆಯವರು ಯಾರಾದ್ರೂ ಸ್ಟವ್ ಹಚ್ಚಿ ಕೊಟ್ರೆ ಸಾಕು. ಸವ್ತಾನನ್ನು ವೀಲ್‌ಚೇರಲ್ಲಿ ತಂದು ಸ್ಟವ್ ಹತ್ರ ನಿಲ್ಲಿಸಿ, ಅವರೇ ಗುಂಡಿ ತಿರುಗಿಸಲಿ. ನೀವು ನಿಮ್ಮ ರೂಮಲ್ಲೋ ಫ್ರೆಂಡ್ ಮನೆಯಲ್ಲೋ ಮಾಡಿ ಡಬ್ಬಿಯಲ್ಲಿ ತಂದ್ರೆ ಮಾತ್ರ ಪಾಪ ಅವರಿಗೆ ತಿನ್ಲಿಕ್ಕೂ ಆಗೋದಿಲ್ಲ, ಬೇಡ ಹೇಳ್ಲಿಕ್ಕೂ ಆಗೋದಿಲ್ಲ.


ಧಾರವಾಡದಾಕಿ_ಎನ್‌ಜೆ:

ಎಷ್ಟ ಚಂದ ಪ್ರಶ್ನೆ ಕೇಳೀರಿ! ನಾವು ನ್ಯೂಜೆರ್ಸಿಯೊಳಗ ಇರೋದು, ಬಾಜೂ ಮನೆಯವರು ಜ್ಯೂಯಿಶ್, ಅವರ ಮನ್ಯಾಗ ಪ್ರತಿ ವರ್ಷ ಮಟ್ಸಾ (ಹುಳಿ ಬರಸದ ತೆಳು ರೊಟ್ಟಿ) ಟಾಫಿ ಮಾಡ್ತಾರ ರೀ, ಒಮ್ಮೆ ಬಾಯಾಗ ಇಟ್ರ ನಿಲ್ಲಸಾಕ ಆಗೂದಿಲ್ಲ. ಇದನ್ನ ಮೊದಲಿಗೆ ಮಾಡಿದಾಕಿ ಕೆನಡಾದ ಮಾಂಟ್ರಿಯಲ್ ಊರಿನ ಮಾರ್ಸಿ ಗೋಲ್ಡ್‌ಮನ್ ಅನ್ನೂ ಬೇಕರ್, 1980ರ ದಶಕದಾಗ. ಈಗ ಅಮೆರಿಕಾದಾಗ ಪೆಸಾಹ್ ಬಂತಂದ್ರ ಇದಿಲ್ಲದ ಮನಿ ಹುಡುಕಬೇಕು.

ಮಾಡೂದು ಭಾಳ ಸರಳ ಅದ. ಟ್ರೇಕ್ಕ ಫಾಯಿಲ್ ಹಾಕಿ ಮ್ಯಾಲೆ ಬೇಕಿಂಗ್ ಪೇಪರ್ ಹಾಸ್ರಿ, ಪೇಪರ್ ಮರೀಬ್ಯಾಡ್ರಿ ಇಲ್ಲಾಂದ್ರ ಫಾಯಿಲ್ ಸಮೇತ ತಿನ್ನಬೇಕಾಗ್ತದ. ಅದರ ಮ್ಯಾಲೆ ನಾಲ್ಕೈದು ಮಟ್ಸಾ ಹಾಳಿ ಸಂದಿ ಬಿಡದಂಗ ಮುರದು ಜೋಡಸ್ರಿ. ಒಂದು ಕಪ್ ಬೆಣ್ಣಿ, ಒಂದು ಕಪ್ ಬ್ರೌನ್ ಶುಗರ್ ಪಾತೇಲಿಯೊಳಗ ಹಾಕಿ ಕೈ ಬಿಡದ ತಿರುವಿಕೋತ ಕುದಸ್ರಿ, ಕುದಿ ಬಂದ ಮ್ಯಾಲೆ ಮೂರು ನಿಮಿಷ. ಚಿಟಿಕಿ ಉಪ್ಪು. ಮಟ್ಸಾದ ಮ್ಯಾಲೆ ಸುರುವಿ 175 ಡಿಗ್ರಿಗೆ ಓವನ್‌ದಾಗ ಹತ್ತರಿಂದ ಹದಿನೈದು ನಿಮಿಷ ಇಡ್ರಿ, ಗುಳ್ಳಿ ಗುಳ್ಳಿ ಏಳ್ತದ, ಅಲ್ಲೇ ನಿಂತು ನೋಡ್ಕೋತ ಇರ್ರಿ ಯಾಕಂದ್ರ ಹತ್ತಲಿಕ್ಕೆ ಒಂದು ನಿಮಿಷ ಸಾಕು. ಹೊರಗ ತಗದ ಕೂಡ್ಲೆ ಚಾಕ್ಲೇಟ್ ಚೂರು ಉದರಸ್ರಿ, ಐದು ನಿಮಿಷಕ್ಕ ತಾನ ಕರಗ್ತದ, ಚಮಚಾದಿಂದ ಸವರಿ ಮ್ಯಾಲೆ ಬದಾಮಿ ಚೂರು ಹಾಕಿ ಫ್ರಿಜ್‌ದಾಗ ಇಟ್ಟು ಆಮ್ಯಾಲೆ ಮುರೀರಿ. ನಮ್ಮ ಹುಡುಗ್ರು ಟ್ರೇ ಮುಂದ ಬಿಟ್ಟು ಏಳೂದ ಇಲ್ಲ.


ಶಿರ್ವ_ಹೈಫಾ:

ಅಕ್ಕ, ನೀವು ಹೇಳಿದ್ದು ರುಚಿ ಹೌದು, ನಾನೂ ತಿಂದಿದ್ದೇನೆ. ಆದ್ರೆ ಇವರಿಗೆ ಅದು ಎರಡು ಕಡೆ ಕಷ್ಟ. ಒಂದು ಬೆಣ್ಣೆ. ಮಾಂಸ ತಿಂದ ಮೇಲೆ ಹಾಲಿನದ್ದು ತಿನ್ಲಿಕ್ಕೆ ಸುಮಾರು ಮನೆಗಳಲ್ಲಿ ಆರು ಗಂಟೆ ಕಾಯ್ತಾರೆ, ಸೇದರ್ ಮುಗಿಯುವಾಗಲೇ ಮಧ್ಯರಾತ್ರಿ. ಎರಡನೇದು ಹಲ್ಲು ಸೆಟ್. ಆ ಟಾಫಿ ಸೆಟ್ಟಿಗೆ ಹಿಡಿದ್ರೆ ಹಲ್ಲೇ ಕೈಗೆ ಬರ್ತದೆ. ಮತ್ತೆ ಓವನ್ನೂ ಕೇಳ್ಬೇಕು, ಕೆಲವು ಮನೆಗಳಲ್ಲಿ ಓವನನ್ನು ಹಬ್ಬಕ್ಕೆ ಕೋಶರ್ ಮಾಡದೆ ಟೇಪ್ ಹಚ್ಚಿ ಬಂದ್ ಮಾಡಿ ಇಡ್ತಾರೆ.


ಧಾರವಾಡದಾಕಿ_ಎನ್‌ಜೆ:

ಹೌದ್ರೀ, ಮಾಂಸದ ಊಟದ ಮ್ಯಾಲೆ ಅಂತ ಅವರು ಮೊದಲಿಗೇ ಬರದಾರ. ಬೆಣ್ಣಿ ಬದಲಿ ಮಾರ್ಗರಿನ್ ಹಾಕಿದ್ರೂ ಬರ್ತದ, ನಮ್ಮ ಬಾಜೂದವರು ಸೇದರ್‌ಗೆ ಅದನ್ನ ಮಾಡೂದು, ಬೆಣ್ಣಿದು ಹಬ್ಬದ ನಡುವಿನ ದಿನಕ್ಕ. ಆದ್ರ ಬರೇ ಕೊಬ್ರಿ ಎಣ್ಣಿ ಹಾಕಿ ಮಾಡಲಿಕ್ಕೆ ಹೋಗಬ್ಯಾಡ್ರಿ, ಎಣ್ಣಿ ಒಂದು ಕಡೆ ಸಕ್ರಿ ಒಂದು ಕಡೆ ಆಗ್ತದ. ಹಲ್ಲಿನ ಸಮಸ್ಯಾ ಇದ್ದವರಿಗೆ ಬ್ಯಾಡ, ಅದು ಖರೆ, ಬಂದ ಹುಡುಗ್ರಿಗೆ ಒಂದು ಟ್ರೇ ಮಾಡ್ರಿ, ಅಜ್ಜಿಗೆ ಬ್ಯಾರೆ ಏನರೆ.


ತೀರ್ಥಳ್ಳಿ_ಮಾವ:

ಅಡುಗೆ ನಂಗೆ ಬರಲ್ಲ, ಆದ್ರೆ ಒಂದು ಡೌಟು. ನಮ್ಮಲ್ಲೂ ತೋಟದಲ್ಲಿ ನಾಲ್ಕು ಕೋಕೋ ಗಿಡ ಇದೆ ಮಾರಾಯ್ರೆ, ಆ ಬೀಜನ ಐದಾರು ದಿನ ಮುಚ್ಚಿಟ್ಟು ಹುಳಿ ಬರಿಸೇ ಅಲ್ವಾ ಒಣಗ್ಸೋದು? ಹುಳಿ ಬಂದಿದ್ದು ಆಗಲ್ಲ ಅಂದ್ರೆ ಚಾಕ್ಲೇಟೇ ಆಗ್ಬಾರ್ದಲ್ಲ? ಇದೆಂತ ಲೆಕ್ಕ?


ಶಿರ್ವ_ಹೈಫಾ:

ಮಾವ, ಒಳ್ಳೆ ಪಾಯಿಂಟ್ ಹಾಕಿದ್ರಿ. ಹುಳಿ ಬರೋದೇ ತಪ್ಪು ಅಂತ ಅಲ್ಲ, ಆ ಐದು ಧಾನ್ಯ ಹುಳಿ ಬರ್ಬಾರ್ದು ಅಷ್ಟೇ. ಸೇದರ್ ರಾತ್ರಿ ನಾಲ್ಕು ಗ್ಲಾಸ್ ವೈನ್ ಕುಡೀಲೇ ಬೇಕು ಅಂತ ಉಂಟು, ದ್ರಾಕ್ಷಿ ಹುಳಿ ಬಾರದೆ ವೈನ್ ಎಲ್ಲಿಂದ ಬರ್ತದೆ? ಕೋಕೋ ಮರದ ಹಣ್ಣಿನ ಬೀಜ, ಅದು ಎಷ್ಟು ಹುಳಿ ಬಂದ್ರೂ ತೊಂದ್ರೆ ಇಲ್ಲ. ತಮಾಷೆ ಎಂತ ಗೊತ್ತಾ, ಮಟ್ಸಾ ಮಾಡೋದೂ ಗೋಧಿ ಹಿಟ್ಟಲ್ಲೇ, ನೀರು ಹಾಕಿ 18 ನಿಮಿಷದ ಒಳಗೆ ಕಲಸಿ ಲಟ್ಟಿಸಿ ಸುಟ್ಟು ಮುಗಿಸ್ಬೇಕು, ಅದಕ್ಕಿಂತ ಮೇಲೆ ಹೋದ್ರೆ ಅದೇ ಹಿಟ್ಟು ಹಮೆಟ್ಸ್. ಈಜಿಪ್ಟಿಂದ ಗಡಿಬಿಡಿಯಲ್ಲಿ ಹೊರಟಾಗ ಹಿಟ್ಟು ಹುಳಿ ಬರ್ಲಿಕ್ಕೆ ಪುರ್ಸೊತ್ತು ಇರ್ಲಿಲ್ಲ ಎನ್ನುವ ಕಥೆ ಉಂಟಲ್ಲ, ಅದರ ನೆನಪಿಗೆ.


ಚಾಕೊ_ಗೀಳು_ಬೆಂಗ್ಳೂರು:

ಕೋಶರ್ ಬಗ್ಗೆ ನಂಗೆ ಅಷ್ಟು ಗೊತ್ತಿಲ್ಲ, ಹೈಫಾದವ್ರು ಚೆನ್ನಾಗಿ ಹೇಳ್ತಿದಾರೆ. ನಾನು ಮನೇಲಿ ಚಾಕ್ಲೇಟ್ ಮಾಡಿ ಪರಿಚಯದವ್ರಿಗೆ ಮಾರ್ತೀನಿ, ಹಾಗಾಗಿ ಚಾಕ್ಲೇಟ್ ಕೆಲಸದ ಬಗ್ಗೆ ಮಾತ್ರ ಹೇಳ್ತೀನಿ, ಪುತ್ತೂರಿನವರೇ ಇದನ್ನ ಓದಿಬಿಟ್ಟು ಆಮೇಲೆ ಶುರು ಮಾಡಿ.

ಕರಗಿಸೋವಾಗ ಒಂದು ಹನಿ ನೀರೂ ಬೀಳಬಾರ್ದು. ಒದ್ದೆ ಚಮಚ, ಕೆಳಗಿನ ಪಾತ್ರೆಯಿಂದ ಬರೋ ಹಬೆ, ಇಷ್ಟು ಸಾಕು, ಇಡೀ ಬಟ್ಟಲು ಗಂಟು ಕಟ್ಕೊಂಡು ಮಣ್ಣಿನ ಥರ ಆಗುತ್ತೆ. ಯಾಕಂದ್ರೆ ಚಾಕ್ಲೇಟ್ ಅಂದ್ರೆ ಕೋಕೋ ಬೆಣ್ಣೆಯೊಳಗೆ ಸಕ್ಕರೆ ಮತ್ತೆ ಕೋಕೋದ ಸಣ್ಣ ಕಣಗಳು, ಸ್ವಲ್ಪ ನೀರು ಸಿಕ್ಕಿದ್ರೆ ಆ ಸಕ್ಕರೆ ಕಣಗಳೆಲ್ಲ ಒಂದಕ್ಕೊಂದು ಅಂಟ್ಕೊಳ್ಳುತ್ತೆ. ಹಾಗಾದ್ರೆ ಎಸೀಬೇಡಿ, ಬಿಸಿ ದ್ರವ ಇನ್ನೂ ಜಾಸ್ತಿ ಹಾಕಿ ಕಲಸಿದ್ರೆ ಮತ್ತೆ ನುಣ್ಣಗಾಗಿ ಗನಾಶ್ (ಮೆತ್ತನೆ ಚಾಕ್ಲೇಟ್ ಕ್ರೀಮ್) ಆಗುತ್ತೆ, ಕೋಟಿಂಗ್‌ಗೆ ಬರಲ್ಲ ಆದ್ರೆ ಕೇಕ್ ಮಧ್ಯ ಹಚ್ಚೋಕೆ ಫಸ್ಟ್ ಕ್ಲಾಸು.

ಖರ್ಜೂರ ಬಾದಾಮಿ ಏನಾದ್ರೂ ಚಾಕ್ಲೇಟಲ್ಲಿ ಅದ್ದಿ ಹೊಳಪು ಬರಿಸ್ಬೇಕು ಅಂದ್ರೆ ಟೆಂಪರ್ ಮಾಡ್ಬೇಕು. ಕೋಕೋ ಬೆಣ್ಣೆ ಆರು ಥರ ಹರಳಾಗಿ ಗಟ್ಟಿ ಆಗುತ್ತೆ, ನಮಗೆ ಬೇಕಿರೋದು ಐದನೇದು, ಅದಿದ್ರೇನೇ ಹೊಳೆಯೋದು, ಮುರಿದ್ರೆ ಟಕ್ ಅನ್ನೋದು. ಡಾರ್ಕ್ ಚಾಕ್ಲೇಟಲ್ಲಿ ಮೂರರಲ್ಲಿ ಎರಡು ಭಾಗ 45ರಿಂದ 50 ಡಿಗ್ರಿವರೆಗೆ ಕರಗಿಸಿ, ಒಲೆಯಿಂದ ಇಳಿಸಿ, ಉಳಿದ ಒಂದು ಭಾಗ ಸಣ್ಣಗೆ ಹೆಚ್ಚಿದ್ದನ್ನ ಸ್ವಲ್ಪ ಸ್ವಲ್ಪ ಹಾಕ್ತಾ ತಿರುಗಿಸ್ತಾ 31-32 ಡಿಗ್ರಿಗೆ ಇಳಿಸಿ. ಥರ್ಮಾಮೀಟರ್ ಇಲ್ವಾ, ಕ್ಲೀನ್ ಚಮಚದಲ್ಲಿ ಚೂರು ತೆಗೆದು ಕೆಳದುಟಿಗೆ ತಾಗಿಸಿ ನೋಡಿ, ಸ್ವಲ್ಪ ತಣ್ಣಗೆ ಅನ್ನಿಸ್ಬೇಕು. ಆಮೇಲೆ ಚಾಕು ತುದಿಗೆ ಹಚ್ಚಿಡಿ, ಐದು ನಿಮಿಷದಲ್ಲಿ ಹೊಳಪಿನ ಜೊತೆ ಒಣಗಿದ್ರೆ ರೆಡಿ. ಇಸ್ರೇಲಲ್ಲಿ ಏಪ್ರಿಲಲ್ಲಿ ಒಮ್ಮೊಮ್ಮೆ ಮರಳುಗಾಡಿನ ಬಿಸಿಗಾಳಿ ಬೀಸುತ್ತಂತಲ್ಲ, ಆ ದಿನ ಈ ಸಾಹಸ ಬೇಡವೇ ಬೇಡ.

ಸೂಪರ್ ಮಾರ್ಕೆಟಲ್ಲಿ ಕಾಂಪೌಂಡ್ ಅಂತ ಸಿಗುತ್ತೆ, ಕೋಕೋ ಬೆಣ್ಣೆ ಬದಲು ಬೇರೆ ಸಸ್ಯದ ಕೊಬ್ಬು ಹಾಕಿರ್ತಾರೆ, ಟೆಂಪರ್ ಏನೂ ಬೇಡ ಸುಮ್ನೆ ಕರಗಿಸಿ ಅದ್ದಿದ್ರೆ ಆಯ್ತು. ಸುಲಭ. ಆದ್ರೆ ಬಾಯಲ್ಲಿ ಮೇಣದ ಥರ ಅಂಟುತ್ತೆ, ಹಬ್ಬದ ಮನೆಗೆ ನಾನಂತೂ ಕೊಡಲ್ಲ.

ಇನ್ನೊಂದು ಸಂಬಂಧ ಇಲ್ಲದ ವಿಷಯ, ಆದ್ರೂ ಹೇಳ್ತೀನಿ. ಫ್ರಾನ್ಸಲ್ಲಿ ಬೇಯಾನ್ ಅಂತ ಊರಿದೆ, ಚಾಕ್ಲೇಟಿಗೆ ಈಗ್ಲೂ ಹೆಸರು. ಅಲ್ಲಿ 17ನೇ ಶತಮಾನದಲ್ಲಿ ಚಾಕ್ಲೇಟ್ ಕೆಲಸ ಶುರು ಮಾಡಿದ್ದು ಸ್ಪೇನ್ ಪೋರ್ಚುಗಲ್‌ನಿಂದ ತಪ್ಪಿಸ್ಕೊಂಡು ಬಂದ ಯಹೂದಿ ಕುಟುಂಬಗಳು. ಆಮೇಲೆ ಊರಿನವರು ಕಲ್ತುಕೊಂಡು ಇವರನ್ನೇ ದೂರ ಇಡೋಕೆ ನೋಡಿದ್ರು. ಸವ್ತಾಗೆ ಹೇಳಿ ನೋಡಿ, ಮಾತಿಗೊಂದು ವಿಷಯ ಸಿಗುತ್ತೆ.


ಪುತ್ತೂರ್_ಟು_ರಾಮತ್‌ಗಾನ್:

ಅಯ್ಯೋ ದೇವ್ರೆ ಇಷ್ಟೆಲ್ಲ ಉಂಟಾ! ಎಲ್ರಿಗೂ ಥ್ಯಾಂಕ್ಸ್. ಮಗಳ ಹತ್ರ ಫೋನಲ್ಲಿ ಕೇಳಿದೆ. ಓವನ್ ಇಲ್ಲವಂತೆ, ಹಬ್ಬಕ್ಕೆ ಬಂದ್. ಕಿಟ್ನಿಯೋತ್ ಈ ಮನೆಯಲ್ಲಿ ಇಲ್ಲ, ಸೊಸೆ ಮೊರಾಕ್ಕೊದವರು, ಅವರ ತಾಯಿ ಮನೆಯಲ್ಲಿ ಅನ್ನ ತಿಂತಾರಂತೆ, ಆದ್ರೆ ಇಲ್ಲಿಗೆ ಬಂದಾಗ ಇಲ್ಲಿಯ ಕ್ರಮವೇ. ಹಾಗಾಗಿ ಧಾರವಾಡದ ಅಕ್ಕ, ನಿಮ್ಮ ಟಾಫಿ ಈ ಸಲಕ್ಕೆ ಇಲ್ಲ, ಬೇಜಾರ್ ಮಾಡ್ಬೇಡಿ.

ಓವನ್ ಇಲ್ಲದೆ, ಮೆತ್ತಗೆ ಇರುವಂಥದ್ದು ಎಂತ ಉಂಟು? ಮತ್ತೆ ಕ್ರೀಮ್ ಬದಲು ತೆಂಗಿನಹಾಲು ಹಾಕ್ಬಹುದಾ, ತೆಂಗಿನಕಾಯಿ ಇಲ್ಲಿ ಸಿಗ್ತದೆ, ತುರಿದು ಹಿಂಡಿದ್ರೆ ಆಯ್ತಲ್ಲ?


ಶಿರ್ವ_ಹೈಫಾ:

ಹಾಗಾದ್ರೆ ಕಣ್ಣು ಮುಚ್ಚಿ ಮಟ್ಸಾ ಕೇಕ್ ಮಾಡಿ. ಇಲ್ಲಿ ಎಲ್ಲರ ಮನೆಯಲ್ಲೂ ಆಗುವಂಥದ್ದು, ನಿಮ್ಮ ಸವ್ತಾ ಸಣ್ಣ ಮಕ್ಕಳಿಗೆ ಎಷ್ಟು ಸಲ ಮಾಡಿ ಕೊಟ್ಟಿರ್ತಾರೋ. ಆದ್ರೆ ಮಾಡುವ ಮೊದಲು ಒಂದು ಮಾತು ಕೇಳಿ: ಮಟ್ಸಾ ಒದ್ದೆ ಮಾಡಿದ್ರೆ ತಿಂತೀರಾ ಅಂತ. ಹಸಿದಿ ಎನ್ನುವ ಪಂಥದ ಯಹೂದಿಗಳ ಮನೆಗಳಲ್ಲಿ ಪೆಸಾಹ್ ಹೊತ್ತಿಗೆ ಮಟ್ಸಾಕ್ಕೆ ನೀರು ತಾಗಿಸೋದೇ ಇಲ್ಲ, ಸುಡದೆ ಉಳಿದ ಹಿಟ್ಟು ಒಳಗೆ ಇದ್ದು ಹುಳಿ ಬಂದ್ರೆ ಅಂತ ಹೆದರಿಕೆ. ಹಾಗೆ ಒದ್ದೆ ಮಾಡಿದ ಮಟ್ಸಾಕ್ಕೆ ಶೆರುಯಾ ಹೇಳ್ತಾರೆ. ಪೋಲೆಂಡ್ ಕಡೆಯ ಮನೆಗಳಲ್ಲಿ ಇದು ಇರುವ ಚಾನ್ಸ್ ಉಂಟು, ಹಾಗಾಗಿ ಕೇಳ್ಲೇಬೇಕು.

ತಿಂತಾರೆ ಅಂದ್ರೆ ಹೀಗೆ ಮಾಡಿ. ಎಂಟು ಚೌಕ ಮಟ್ಸಾ, ಮೆಷಿನ್‌ದ್ದು, ಸಾದಾದ್ದು. ಮೊಟ್ಟೆ ಅಥವಾ ಜ್ಯೂಸಲ್ಲಿ ಕಲಸಿದ ಮಟ್ಸಾ ಅಶಿರಾ ಅಂತ ಅದೇ ಥರದ ಬಾಕ್ಸಲ್ಲಿ ಬರ್ತದೆ, ಅದು ಅಶ್ಕೆನಾಜಿ ಮನೆಗೆ ತೆಗೊಳ್ಳಬೇಡಿ. 250 ಗ್ರಾಂ ಡಾರ್ಕ್ ಚಾಕ್ಲೇಟ್ ಸಣ್ಣಗೆ ಕೊಚ್ಚಿ, 250 ಎಂಎಲ್ ದಪ್ಪ ತೆಂಗಿನ ಕ್ರೀಮ್ ಬಿಸಿ ಮಾಡಿ ಕುದಿ ಬರುವ ಮೊದಲೇ ಅದರ ಮೇಲೆ ಹೊಯ್ಯಿರಿ, ಎರಡು ನಿಮಿಷ ಸುಮ್ನೆ ಬಿಟ್ಟು ಮಧ್ಯದಿಂದ ಕಲಸ್ತಾ ಬನ್ನಿ, ಒಂದು ಚಮಚ ಇನ್‌ಸ್ಟಂಟ್ ಕಾಫಿ ಹಾಕಿ (ಅದಕ್ಕೂ ಸ್ಟ್ಯಾಂಪ್ ನೋಡಿ). ತಣ್ಣಗಾಗಿ ಹಚ್ಚುವ ಹದಕ್ಕೆ ಬರ್ಲಿ. ಅಗಲ ತಟ್ಟೆಯಲ್ಲಿ ಸಿಹಿ ಕಿದ್ದುಶ್ ವೈನ್ (ಹಬ್ಬದ ಪ್ರಾರ್ಥನೆಗೆ ಬಳಸುವಂಥದ್ದು) ಹಾಕಿ ಒಂದೊಂದೇ ಮಟ್ಸಾ ಎರಡೂ ಬದಿ ಅದ್ದಿ ತಕ್ಷಣ ತೆಗೀರಿ, ಜಾಸ್ತಿ ಬಿಟ್ರೆ ಎತ್ತುವಾಗ ತುಂಡಾಗ್ತದೆ. ಮಟ್ಸಾ, ಕ್ರೀಮ್, ಮಟ್ಸಾ, ಕ್ರೀಮ್, ಹೀಗೆ ಮೇಲೆ ಮೇಲೆ, ಕೊನೆಗೆ ಮೇಲೂ ಬದಿಗೂ ಹಚ್ಚಿ ಒಂದು ರಾತ್ರಿ ಫ್ರಿಜ್ಜಲ್ಲಿ ಇಡಿ. ಬೆಳಿಗ್ಗೆಗೆ ಮಟ್ಸಾ ಎಲ್ಲ ಮೆತ್ತಗಾಗಿ ಚಮಚದಲ್ಲೇ ತಿನ್ನುವ ಹಾಗೆ ಆಗ್ತದೆ. ಚಾಕು ಬಿಸಿ ನೀರಲ್ಲಿ ಅದ್ದಿ ಒರೆಸಿ ಕೊಯ್ಯಿರಿ. ಸುಮಾರು ರೆಸಿಪಿಯಲ್ಲಿ ಹಸಿ ಮೊಟ್ಟೆ ಹಾಕ್ತಾರೆ, ವಯಸ್ಸಾದವರಿಗೆ ಬೇಡ, ಅದಿಲ್ಲದೆ ಎಂತ ಕಮ್ಮಿ ಆಗೋದಿಲ್ಲ. ವೈನ್ ಬೇಡದ ಮಕ್ಕಳು ಇದ್ರೆ ದ್ರಾಕ್ಷಿ ಜ್ಯೂಸ್.

ಶೆರುಯಾ ತಿನ್ನೋದಿಲ್ಲ ಅಂತ ಹೇಳಿದ್ರೆ ಮಟ್ಸಾ ಬಿಟ್ಟು ಚಾಕ್ಲೇಟ್ ಉಂಡೆ ಮಾಡಿ. ಇಲ್ಲಿ ಮಕ್ಕಳ ಬರ್ತ್‌ಡೇಗೆ ಬಿಸ್ಕೆಟ್ ಪುಡಿ ಮಾಡಿ ಕಾದುರೇ ಶೋಕೋಲಾದ್ ಮಾಡ್ತಾರಲ್ಲ ಅದೇ, ಬಿಸ್ಕೆಟ್ ಬದಲು ಬಾದಾಮಿ ಪುಡಿ. ಬೀಜ ತೆಗೆದ ಮೆಜೂಲ್ ಖರ್ಜೂರ ಹತ್ತು ಹನ್ನೆರಡು ಬಿಸಿ ನೀರಲ್ಲಿ ನೆನೆಸಿ ಅರೆದು, ಅದಕ್ಕೆ ಎರಡು ಕಪ್ ಬಾದಾಮಿ ಪುಡಿ, ಮೂರು ಚಮಚ ಕೋಕೋ, ನೂರು ಗ್ರಾಂ ಕರಗಿಸಿದ ಡಾರ್ಕ್ ಚಾಕ್ಲೇಟ್, ಹದಕ್ಕೆ ಬೇಕಾದಷ್ಟು ವೈನ್. ಸ್ವಲ್ಪ ಹೊತ್ತು ಫ್ರಿಜ್ಜಲ್ಲಿಟ್ಟು ಆಮೇಲೆ ಉಂಡೆ ಕಟ್ಟಿ. ಸಕ್ಕರೆ ಹಾಕ್ಲಿಕ್ಕೆ ಇಲ್ಲ, ಹಾಗಂತ ಶುಗರ್ ಇದ್ದವರು ಎಷ್ಟು ಬೇಕಾದ್ರೂ ತಿನ್ಬಹುದು ಅಂತ ಅಲ್ಲ, ಖರ್ಜೂರದಲ್ಲೇ ಬೇಕಾದಷ್ಟು ಉಂಟು, ಸವ್ತಾನಿಗೆ ಒಂದು ಸಣ್ಣದು ಸಾಕು.

ಮಕ್ಕಳದ್ದನ್ನು ಕೊಬ್ಬರಿ ಪುಡಿಯಲ್ಲಿ ಹೊರಳಿಸಿ, ಸವ್ತಾನ ಪಾಲಿಗೆ ಮಾತ್ರ ಕೊಬ್ಬರಿ ಬೇಡ, ಕೋಕೋ ಪುಡಿಯಲ್ಲಿ ಹೊರಳಿಸಿ. ಹಲ್ಲು ಸೆಟ್ಟಿನ ಅಡಿಗೆ ಕೊಬ್ಬರಿ ಹೋದ್ರೆ ಎಂಥ ಹಿಂಸೆ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ, ಗಂಟಲಲ್ಲಿ ಸಿಕ್ಕಿ ಕೆಮ್ಮು ಶುರುವಾದ್ರೆ ಇನ್ನೂ ಕಷ್ಟ. ನುಂಗ್ಲಿಕ್ಕೆ ತೊಂದ್ರೆ ಇದ್ದು ನೀರಿಗೆ ಪೌಡರ್ ಹಾಕಿ ದಪ್ಪ ಮಾಡಿ ಕೊಡುವಂಥವರಾದ್ರೆ ಉಂಡೆಯೂ ಬೇಡ ಕೇಕೂ ಬೇಡ, ಗನಾಶನ್ನೇ ಚಮಚದಲ್ಲಿ ಕೊಡಬಹುದಾ ಅಂತ ನರ್ಸ್ ಹತ್ರ ಕೇಳಿ ಕೊಡಿ.


ಚಾಕೊ_ಗೀಳು_ಬೆಂಗ್ಳೂರು:

ತೆಂಗಿನಹಾಲು ಬಗ್ಗೆ: ಮನೇಲಿ ಹಿಂಡಿದ್ದು ಖಂಡಿತ ಆಗುತ್ತೆ, ಆದ್ರೆ ಅದರಲ್ಲಿ ನೀರಿನಂಶ ಜಾಸ್ತಿ ಇರುತ್ತೆ, ಹಾಗೇ ಹಾಕಿದ್ರೆ ಗನಾಶ್ ಸಾರಿನ ಹಾಗೆ ಹರಿಯುತ್ತೆ. ನೀರು ಆದಷ್ಟು ಕಮ್ಮಿ ಹಾಕಿ ಮೊದಲ ಹಾಲು ಮಾತ್ರ ಹಿಂಡಿ, ಫ್ರಿಜ್ಜಲ್ಲಿ ಕೆಲವು ಗಂಟೆ ಇಡಿ, ಮೇಲೆ ಗಟ್ಟಿ ಕೆನೆ ಕಟ್ಟುತ್ತೆ, ಅದನ್ನಷ್ಟೇ ತೆಗೆದು ಅಳತೆ ಮಾಡಿ. ಆಮೇಲೂ ತೆಳು ಅನ್ನಿಸಿದ್ರೆ ಇನ್ನೊಂದು ಐವತ್ತು ಗ್ರಾಂ ಚಾಕ್ಲೇಟ್ ಸೇರಿಸಿ. ಎಣ್ಣೆ ಬಿಟ್ಕೊಂಡು ಒಡೆದ ಥರ ಕಂಡ್ರೆ ಗಾಬರಿ ಬೇಡ, ಒಂದೆರಡು ಚಮಚ ಬಿಸಿ ನೀರು ಹಾಕಿ ಜೋರಾಗಿ ಕಲಸಿದ್ರೆ ಕೂಡ್ಕೊಳ್ಳುತ್ತೆ. ಚಾಕ್ಲೇಟ್ 55-60 ಪರ್ಸೆಂಟ್ ಇರೋದು ತಗೊಳ್ಳಿ, 85ರದ್ದು ತಂದು ಅದೇ ಅಳತೆಯಲ್ಲಿ ಮಾಡಿದ್ರೆ ತುಂಬ ಬಿಗಿಯಾಗುತ್ತೆ, ಮಕ್ಕಳು ತಿನ್ನೋದೂ ಇಲ್ಲ.


ಶಿರ್ವ_ಹೈಫಾ:

ಹಿಂಡೋದೇ ಒಳ್ಳೇದು, ಯಾಕಂದ್ರೆ ಡಬ್ಬಿ ತೆಂಗಿನಹಾಲಲ್ಲಿ ಗ್ವಾರ್ ಗಮ್ ಹಾಕಿರ್ತಾರೆ, ಅದು ಗೋರಿಕಾಯಿ ಬೀಜದ್ದು, ಮತ್ತೆ ಅದೇ ಕಿಟ್ನಿಯೋತ್ ರಗಳೆ. ತೆಂಗಿನಕಾಯಿಗೆ ಆ ತೊಂದ್ರೆ ಇಲ್ಲ. ತುರಿಯುವ ಮಣೆ, ಹಿಂಡುವ ಬಟ್ಟೆ ಎಲ್ಲ ಹೊಸತು ಅಥವಾ ಪೆಸಾಹ್ ಕಪಾಟಿಂದು ಆಗ್ಬೇಕು, ದೋಸೆ ಹಿಟ್ಟು ರುಬ್ಬಿದ ಮಿಕ್ಸಿ ಹೊರಗೆ ತೆಗೀಲೇ ಬೇಡಿ.


ಧಾರವಾಡದಾಕಿ_ಎನ್‌ಜೆ:

ಬೇಜಾರ ಏನಿಲ್ಲ ತಂಗಿ, ಟಾಫಿ ಮುಂದಿನ ವರ್ಷಕ್ಕ ಇರ್ಲಿ. ಆದ್ರ ಮೆಜೂಲ್ ಖರ್ಜೂರ ಬಗಲಿಗೆ ಇಟ್ಟುಕೊಂಡು ಅರೀಲಿಕ್ಕೆ ಹಾಕ್ತೀರೇನ್ರೀ, ನಂಗ ಮನಸ್ಸ ಬರೂದಿಲ್ಲ. ಬೀಜ ತಗದು ಒಳಗ ಒಂದು ಬದಾಮಿ ಇಟ್ಟು ಅರ್ಧ ಚಾಕ್ಲೇಟ್‌ದಾಗ ಅದ್ದಿ ಮ್ಯಾಲೆ ನಾಲ್ಕು ಹಳ್ಳು ಉಪ್ಪು ಹಾಕ್ರಿ, ಹುಡುಗ್ರಿಗೂ ದೊಡ್ಡವರಿಗೂ ನಡೀತದ, ಟೆಂಪರ್ ಗಿಂಪರ್ ಬರ್ಲಿಲ್ಲಂದ್ರ ಫ್ರಿಜ್‌ದಾಗ ಇಟ್ಟು ಅಲ್ಲಿಂದ ಸೀದಾ ಟೇಬಲ್‌ಗೆ, ಹೊಳಪು ಯಾರ ನೋಡ್ತಾರ.


ಚಾಕೊ_ಗೀಳು_ಬೆಂಗ್ಳೂರು:

ನಾನು ನೋಡ್ತೀನಿ ಮೇಡಂ.


ಪುತ್ತೂರ್_ಟು_ರಾಮತ್‌ಗಾನ್:

ಶೆರುಯಾ ಬಗ್ಗೆ ಸವ್ತಾನ ಹತ್ರ ಕೇಳಿದೆ. ಸವ್ತಾನ ಅಪ್ಪನ ಮನೆಯಲ್ಲಿ ತಿಂತಿರ್ಲಿಲ್ಲವಂತೆ, ಮದುವೆ ಆಗಿ ಬಂದ ಮೇಲೆ ಗಂಡನ ಕಡೆಯ ಕ್ರಮ ಹಿಡಿದು ತಿನ್ಲಿಕ್ಕೆ ಶುರು ಮಾಡಿದ್ದಂತೆ, ಹಾಗಾಗಿ ಕೇಕ್ ಆಗ್ತದೆ. ನಾನು ಇದನ್ನು ಕೇಳಿದ್ದಕ್ಕೇ ಅವರಿಗೆ ಎಷ್ಟು ಖುಷಿ ಅಂದ್ರೆ ಅರ್ಧ ಗಂಟೆ ಅಪ್ಪನ ಮನೆ ಕಥೆ ಹೇಳಿದ್ರು. ಕೇಕ್ ಮತ್ತೆ ಖರ್ಜೂರ, ಎರಡು ಮಾಡ್ತೇನೆ. ಯಾವಾಗ ಮಾಡೋದು ಒಳ್ಳೇದು? ಆ ದಿನವೇ ಬೆಳಿಗ್ಗೆ ಮಾಡಿದ್ರೆ ಸಾಕಾ?


ಶಿರ್ವ_ಹೈಫಾ:

ಆ ದಿನ ಬೇಡ. ಆ ದಿನ ಬೆಳಿಗ್ಗೆ ಹಮೆಟ್ಸ್ ಸುಡೋದು, ಸ್ನಾನ, ಟೇಬಲ್, ಸವ್ತಾನ ಬಿಪಿ, ನಿಮಗೆ ಉಸಿರಾಡ್ಲಿಕ್ಕೆ ಪುರ್ಸೊತ್ತು ಇರೋದಿಲ್ಲ. ಸೂರ್ಯ ಮುಳುಗಿದ ಮೇಲೆ ಹೊಸದಾಗಿ ಸ್ಟವ್ ಹಚ್ಚಲಿಕ್ಕೂ ಇಲ್ಲ. ಅಡುಗೆಕೋಣೆ ಪೆಸಾಹ್‌ಗೆ ರೆಡಿ ಆದ ಮೇಲೆ, ಅಂದ್ರೆ ಕೌಂಟರ್‌ಗೆ ಫಾಯಿಲ್ ಹಾಸಿ ಪಾತ್ರೆ ಬದಲಾಯಿಸಿ ಆದ ಮೇಲೆ, ಸೇದರ್‌ನ ಹಿಂದಿನ ದಿನ ಮಧ್ಯಾಹ್ನ ಸವ್ತಾ ನಿದ್ದೆ ಎದ್ದ ಮೇಲೆ ಮಾಡಿ. ಹಿಂದಿನ ದಿನ ಶಬ್ಬಾತ್ (ಕೆಲ್ಸ ಮಾಡದ ಶನಿವಾರ) ಬಿದ್ರೆ ಅದಕ್ಕೂ ಒಂದು ದಿನ ಮೊದ್ಲು. ಖರ್ಜೂರ ಎರಡು ಮೂರು ದಿನ ಮೊದ್ಲೇ ಮಾಡಿದ್ರೂ ತೊಂದ್ರೆ ಇಲ್ಲ, ಮುಚ್ಚಿದ ಡಬ್ಬಿಯಲ್ಲಿ ಇಡಿ, ಫ್ರಿಜ್ಜಿನ ಪಸೆ ತಾಗಿದ್ರೆ ಮೇಲೆ ಬಿಳಿ ಬಿಳಿ ಆಗ್ತದೆ.

ಇನ್ನೊಂದು, ಸೇದರ್ ದಿನ ಹಗಲು ಅವರು ಮಟ್ಸಾ ತಿನ್ನೋದಿಲ್ಲ, ರಾತ್ರಿಗೆ ಆಸೆ ಇರ್ಲಿ ಅಂತ, ಕೆಲವರು ಎರಡು ವಾರ ಮೊದ್ಲಿಂದ್ಲೇ ಬಿಡ್ತಾರೆ. ಹಾಗಾಗಿ ಕೇಕಿನ ರುಚಿ ನೋಡು ಅಂತ ಸವ್ತಾನಿಗೆ ಚಮಚ ಹಿಡಿದು ಹೋಗ್ಬೇಡಿ, ಆ ಕೆಲ್ಸ ನಿಮ್ಮದೇ. ಬಾದಾಮಿ ಆಗದ ಮಕ್ಕಳು ಯಾರಾದ್ರೂ ಇದ್ದಾರಾ ಅಂತ ಮಗಳ ಹತ್ರ ಈಗಲೇ ಕೇಳಿಡಿ, ಇದ್ರೆ ಕೇಕ್ ಒಂದು ಕಡೆ, ಖರ್ಜೂರ ಬೇರೆ ತಟ್ಟೆಯಲ್ಲಿ.